ಸಿಜಿಎಂ ಸೆನ್ಸರ್ ಕೊನೆ ದಿನದವರೆಗೂ ಬಾಳಬೇಕು, ನಂಬರ್ ಕೂಡ ಸರಿ ಇರಬೇಕು: ನೀವೆಲ್ಲ ಏನು ಮಾಡುತ್ತೀರಿ?

ತೀರ್ಥಹಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಟೈಪ್ 1 ಡಯಾಬಿಟಿಸ್, ಈಗ ಏಳನೇ ಕ್ಲಾಸು. ತೋಳಿಗೆ ಲಿಬ್ರೆ ಹಾಕುತ್ತೇವೆ, ಅಂದರೆ ಚರ್ಮಕ್ಕೆ ಅಂಟಿಕೊಂಡು ಹಗಲು ರಾತ್ರಿ ಶುಗರ್ ಅಳೆಯುವ ಸಿಜಿಎಂ ಸೆನ್ಸರ್. ಒಂದಕ್ಕೆ ಹತ್ತಿರ ಹತ್ತಿರ 5,000 ರೂಪಾಯಿ, ತಿಂಗಳಿಗೆ ಎರಡು ಬೇಕು, ಇನ್ಸುಲಿನ್ನು ಸ್ಟ್ರಿಪ್ಪು ಬೇರೆ. ಹಾಗಾಗಿ ಒಂದೊಂದು ದಿನವೂ ನಮಗೆ ಲೆಕ್ಕವೇ. ಮೂರು ವಿಷಯ ಕೇಳಬೇಕಿತ್ತು. ಮಳೆಗಾಲ ಬಂದರೆ ಅಂಟು ನಿಲ್ಲುವುದೇ ಇಲ್ಲ, ಎರಡನೇ ವಾರ ಶುರುವಾಗುವಷ್ಟರಲ್ಲಿ ಅಂಚು ಎದ್ದಿರುತ್ತದೆ. ಎರಡನೆಯದು, ಹಾಕಿದ ಮೊದಲ ದಿನ ಮತ್ತು ರಾತ್ರಿ ಹೊತ್ತು ನಂಬರ್ ವಿಪರೀತ ಕಡಿಮೆ ಬರುತ್ತದೆ. ಮೊನ್ನೆ ರಾತ್ರಿ 58 ಅಂತ ಅಲಾರಂ ಹೊಡೆಯಿತು, ಎಬ್ಬಿಸಿ ಬೆರಳು ಚುಚ್ಚಿ ನೋಡಿದರೆ 112. ಕೊನೆಯದು, 14 ದಿನ ಮುಗಿದ ಮೇಲೂ ಅದೇ ಸೆನ್ಸರ್ ಓಡಿಸಬಹುದು ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ನಿಜವಾ? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಹಳೆ ಟೈಪ್ ಒನ್

ಅಕ್ಕ, ಕೊನೆಯದನ್ನೇ ಮೊದಲು ಹೇಳುತ್ತೇನೆ. 14 ದಿನದ ಲಿಬ್ರೆ 14 ದಿನ ಆದ ತಕ್ಷಣ ತಾನಾಗಿ ನಿಲ್ಲುತ್ತದೆ. ಗಡಿಯಾರ ಸೆನ್ಸರ್ ಒಳಗೇ ಇದೆ, ಫೋನಿನಲ್ಲಿ ತಾರೀಖು ಬದಲಾಯಿಸಿದರೆ ಏನೂ ಆಗುವುದಿಲ್ಲ. ಅದನ್ನು ಮೀರಿಸುವ ದಾರಿ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗಬಹುದು, ಆದರೆ ಆ ನಂಬರ್ ನೋಡಿ ಮಗುವಿಗೆ ಇನ್ಸುಲಿನ್ ಹಾಕುವುದು ಬೇಡ. ಚರ್ಮದೊಳಗೆ ಇರುವ ಸೆನ್ಸರ್ ದಾರಕ್ಕೆ ಹಚ್ಚಿರುವ ಕಿಣ್ವ ದಿನ ಕಳೆದಂತೆ ಸವೆಯುತ್ತದೆ. ಸುತ್ತ ಮೈ ಕೂಡ ಅದನ್ನು ಹೊರಗಿನ ವಸ್ತು ಅಂತ ಗುರುತಿಸಿ ಪೊರೆ ಕಟ್ಟಲು ನೋಡುತ್ತದೆ. ಅಷ್ಟು ಹೊತ್ತಿಗೆ ಬರುವ ನಂಬರ್ ಯಾವ ಕಡೆ ವಾಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಗಮನಿಸಿದ ಪ್ರಕಾರ ನಮಗೆ ನಷ್ಟ ಆಗುವುದು ಹದಿನೈದನೇ ದಿನದಲ್ಲಿ ಅಲ್ಲ. ಮೊದಲ ದಿನದ ಗೊಂದಲ, ಮಧ್ಯದಲ್ಲಿ ಕಿತ್ತು ಬರುವುದು, ತಪ್ಪು ಜಾಗಕ್ಕೆ ಹಾಕಿ ಬಿಸಾಕುವುದು, ಕಂಪನಿಗೆ ಫೋನ್ ಮಾಡದೆ ಸುಮ್ಮನಾಗುವುದು, ದುಡ್ಡು ಹೋಗುವುದು ಇಲ್ಲೇ. ಇದಿಷ್ಟನ್ನು ಸರಿ ಮಾಡಿಕೊಂಡರೆ ಕೊಟ್ಟ ದುಡ್ಡಿಗೆ ಪೂರ್ತಿ 14 ದಿನ ಸಿಗುತ್ತದೆ.

ಅಂಟಿನ ವಿಷಯ. ಸೆನ್ಸರ್ ಹಾಕುವ ದಿನ ಎಣ್ಣೆಸ್ನಾನ ಬೇಡ, ಹಿಂದಿನ ದಿನವೂ ಬೇಡ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಲೋಷನ್ ಏನೇ ಇದ್ದರೂ ಚರ್ಮದಲ್ಲಿ ಉಳಿದುಬಿಡುತ್ತದೆ. ಘಮ ಇಲ್ಲದ, ಕ್ರೀಮ್ ಅಂಶ ಇಲ್ಲದ ಸಾದಾ ಸೋಪಿನಲ್ಲಿ ತೋಳಿನ ಹಿಂಭಾಗ ತೊಳೆಯಿರಿ, ಒರೆಸಿ, ಆಮೇಲೆ ಸ್ಪಿರಿಟ್ ಸ್ವಾಬ್. ಎಲ್ಲರೂ ಅವಸರ ಮಾಡುವುದು ಇಲ್ಲಿಯೇ: ಸ್ಪಿರಿಟ್ ಪೂರ್ತಿ ಆರಬೇಕು. ಫ್ಯಾನ್ ಕೆಳಗೆ ಒಂದೆರಡು ನಿಮಿಷ ಕೂತರೆ ಆರುತ್ತದೆ. ಬಾಯಿಂದ ಊದಬೇಡಿ. ಹಾಕಿದ ಮೇಲೆ ಅಂಟಿನ ಅಂಚಿನ ಸುತ್ತ ಬೆರಳಿನಿಂದ ಒತ್ತಿ ಸವರಿ, ಅಂಟು ಚರ್ಮದ ಶಾಖಕ್ಕೆ ಚೆನ್ನಾಗಿ ಹಿಡಿಯುತ್ತದೆ. ಹಾಕಿದ ಕೂಡಲೇ ಸ್ನಾನ, ಆಟ ಬೇಡ. ರಾತ್ರಿ ಊಟಕ್ಕೆ ಮುಂಚೆ ಹಾಕಿದರೆ ಬೆಳಗ್ಗೆವರೆಗೂ ಒಣಗಿರಲು ಸಮಯ ಸಿಗುತ್ತದೆ.

ಮೇಲೆ ಪ್ಯಾಚ್ ಹಾಕುವುದಾದರೆ ಮೊದಲ ದಿನವೇ ಹಾಕಿ. ಅಂಚು ಎದ್ದ ಮೇಲೆ ಹಾಕಿದರೆ ಒಳಗಿನ ಬೆವರು ಅಲ್ಲೇ ಉಳಿಯುತ್ತದೆ. ಲಿಬ್ರೆ ನಡುವೆ ಒಂದು ಸಣ್ಣ ತೂತು ಕಾಣುತ್ತದಲ್ಲ, ಅದನ್ನು ಮುಚ್ಚಬಾರದು. ನಡುವೆ ತೆರೆದಿರುವ ಪ್ಯಾಚೇ ತೆಗೆದುಕೊಳ್ಳಿ. ಪ್ಯಾಚ್‌ನ ಮೂಲೆ ಚೌಕವಾಗಿದ್ದರೆ ಕತ್ತರಿಯಿಂದ ದುಂಡಗೆ ಮಾಡಿಕೊಳ್ಳಿ, ಬಟ್ಟೆಗೆ ಸಿಕ್ಕಿ ಏಳುವುದು ಯಾವಾಗಲೂ ಮೂಲೆಯಿಂದಲೇ.

ಮಂಡ್ಯದವಳು

ಇದಕ್ಕೆ ಒಂದು ಸೇರಿಸುತ್ತೇನೆ, ಹೆಂಗಸರಿಗೆ ಮುಖ್ಯ. ರವಿಕೆ ತೋಳಿನ ಅಂಚು! ಕುಪ್ಪಸದ ತೋಳು ಎಲ್ಲಿ ಮುಗಿಯುತ್ತೋ ಸರಿಯಾಗಿ ಅದೇ ಗೆರೆ ಮೇಲೆ ಸೆನ್ಸರ್ ಕೂತರೆ ಕೈ ಎತ್ತಿದಾಗಲೆಲ್ಲ ಬಟ್ಟೆ ಅಂಚು ಉಜ್ಜಿ ಉಜ್ಜಿ ಎಬ್ಬಿಸಿಬಿಡುತ್ತದೆ. ಹಾಕುವ ಮುಂಚೆ ದಿನಾ ಹಾಕುವ ರವಿಕೆ ತೊಟ್ಟು ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಪೂರ್ತಿ ತೋಳಿನ ಒಳಗೆ ಬರಬೇಕು ಅಥವಾ ಪೂರ್ತಿ ಹೊರಗೆ ಇರಬೇಕು. ಹಬ್ಬಕ್ಕೆ ಬಿಗಿ ರೇಷ್ಮೆ ರವಿಕೆ ಹಾಕುವುದಿದ್ದರೆ ಆ ವಾರ ಇನ್ನೊಂದು ತೋಳು ನೋಡಿ, ಬಿಗಿ ಬಟ್ಟೆ ಒತ್ತಿದರೂ ನಂಬರ್ ಕೆಳಗೆ ಹೋಗುತ್ತದೆ.

ಗಂಡಸರಿಗೆ ಬೈಕ್ ಜರ್ಕಿನ್. ಬಿಚ್ಚುವಾಗ ತೋಳು ಉಲ್ಟಾ ಎಳೆಯಬೇಡಿ, ಸೆನ್ಸರ್ ಇರುವ ಕೈಯನ್ನು ಮೊದಲು ನಿಧಾನಕ್ಕೆ ಹೊರಗೆ ತೆಗೆಯಿರಿ. ನಮ್ಮ ಯಜಮಾನರ ಎರಡು ಸೆನ್ಸರ್ ಹೋಗಿದ್ದು ಇದರಲ್ಲೇ.

ಬಯೋಕೆಮಿಸ್ಟ್ರಿ ಮೇಡಂ

ತೀರ್ಥಹಳ್ಳಿ ಅವರ ರಾತ್ರಿ 58ಕ್ಕೆ ಕಾರಣ ಬಹುಶಃ ಮಗ ಆ ತೋಳಿನ ಮೇಲೆ ಮಲಗಿದ್ದು. ಒತ್ತಡ ಬಿದ್ದ ಜಾಗದಲ್ಲಿ ರಕ್ತ ಸಂಚಾರ ಕಡಿಮೆಯಾಗುತ್ತದೆ, ಅಲ್ಲಿನ ಗ್ಲೂಕೋಸ್ ಖರ್ಚಾಗುತ್ತದೆ, ಹೊಸದು ಬರುವುದಿಲ್ಲ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ಆ ಚೂರು ಜಾಗದಲ್ಲಿ ನಿಜವಾಗಿಯೂ ಕಡಿಮೆಯೇ ಇದೆ. ಉಳಿದ ಮೈಯಲ್ಲಿ ಇಲ್ಲ ಅಷ್ಟೆ. ಗ್ರಾಫ್ ನೋಡಿದರೆ ಗೊತ್ತಾಗುತ್ತದೆ. ನಿಜವಾದ ಲೋ, ಅಂದರೆ ಶುಗರ್ ತೀರಾ ಇಳಿಯುವುದು, ಸಾಮಾನ್ಯವಾಗಿ ಇಳಿಜಾರಾಗಿ ಬರುತ್ತದೆ. ಒತ್ತಡದ ಲೋ ಧಡಕ್ಕನೆ ಬೀಳುತ್ತದೆ, ಮಗ್ಗುಲು ಬದಲಾಯಿಸಿದ ಮೇಲೆ ಅಷ್ಟೇ ಬೇಗ ಮೇಲೆ ಬರುತ್ತದೆ. ಆದರೂ ಮಕ್ಕಳಲ್ಲಿ ಗ್ರಾಫ್ ಆಕಾರ ನೋಡಿ ಸುಮ್ಮನಾಗಬೇಡಿ, ನೀವು ಮಾಡಿದ ಹಾಗೆ ಬೆರಳು ಚುಚ್ಚಿಯೇ ನೋಡಬೇಕು. ಯಾವ ಮಗ್ಗುಲಿಗೆ ಜಾಸ್ತಿ ಮಲಗುತ್ತಾನೆ ನೋಡಿ ಆ ಕಡೆ ಬಿಟ್ಟು ಹಾಕಿ.

ಮೊದಲ ದಿನದ ಬಗ್ಗೆ. ಹಾಕುವ ಸೂಜಿ ತಕ್ಷಣ ಹೊರಗೆ ಬರುತ್ತದೆ, ಚರ್ಮದ ಕೆಳಗೆ ಉಳಿಯುವುದು ಸುಮಾರು 5 ಮಿಲಿಮೀಟರ್ ಉದ್ದದ ಮೆತ್ತನೆ ದಾರ. ಅದರ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ ಇರುತ್ತದೆ. ಗ್ಲೂಕೋಸ್ ಅದಕ್ಕೆ ತಾಗಿದಾಗ ಸಣ್ಣ ವಿದ್ಯುತ್ ಹರಿಯುತ್ತದೆ, ಅದನ್ನು ಅಳೆದು ನಂಬರ್ ಮಾಡುತ್ತಾರೆ. ಈ ಕಿಣ್ವದ ಉಪಾಯ ಹೊಸದಲ್ಲ, ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲೇ ಹೇಳಿದ್ದರು. ಅದನ್ನು ದಿನಗಟ್ಟಲೆ ಮೈಯೊಳಗೆ ಬಿಟ್ಟು ಅಳೆಯುವುದು ಕಷ್ಟದ ಕೆಲಸ. ದಾರ ಒಳಗೆ ಹೋದಾಗ ಅಲ್ಲಿ ಒಂದು ಚಿಕ್ಕ ಗಾಯ ಆಗುತ್ತದೆ, ಊತ ಬರುತ್ತದೆ, ಅದು ಶಮನವಾಗುವವರೆಗೂ ನಂಬರ್ ಅಲುಗಾಡುತ್ತದೆ. ಕೆಲವರಿಗೆ ಅರ್ಧ ದಿನ, ಕೆಲವರಿಗೆ ಒಂದು ದಿನ.

ಇನ್ನೊಂದು ಮರೆಯಬಾರದು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವೆ ಇರುವ ದ್ರವವನ್ನು. ಸಕ್ಕರೆ ಮೊದಲು ರಕ್ತಕ್ಕೆ ಬರುತ್ತದೆ, ಆಮೇಲೆ ಅಲ್ಲಿಗೆ. ನಾಲೆಗೆ ನೀರು ಬಿಟ್ಟ ತಕ್ಷಣ ಕೊನೆ ಗದ್ದೆಗೆ ಬರುವುದಿಲ್ಲವಲ್ಲ, ಹಾಗೆ. ಐದರಿಂದ ಹತ್ತು ನಿಮಿಷ ಹಿಂದೆ ಇರುತ್ತದೆ, ಶುಗರ್ ಜೋರಾಗಿ ಏರುವಾಗ ಇಳಿಯುವಾಗ ಇನ್ನೂ ಸ್ವಲ್ಪ ಜಾಸ್ತಿ. ಊಟ ಆಗಿ ಮುಕ್ಕಾಲು ಗಂಟೆಗೆ ಎರಡನ್ನೂ ಹೋಲಿಸಿ ಸೆನ್ಸರ್ ಸರಿ ಇಲ್ಲ ಅನ್ನುವುದರಲ್ಲಿ ಅರ್ಥವಿಲ್ಲ.

ಹೊಸಬ

ಮೇಡಂ ಹಾಗಾದರೆ ಯಾವಾಗ ಹೋಲಿಸಬೇಕು? ಎಷ್ಟು ವ್ಯತ್ಯಾಸ ಬಂದರೆ ಪರವಾಗಿಲ್ಲ?

ಬಯೋಕೆಮಿಸ್ಟ್ರಿ ಮೇಡಂ

ನಂಬರ್ ಪಕ್ಕದ ಬಾಣದ ಗುರುತು ಅಡ್ಡಲಾಗಿ ಮಲಗಿರುವಾಗ. ಅಂದರೆ ಏರಿಳಿತ ಇಲ್ಲದಾಗ. ಬೆಳಗ್ಗೆ ತಿಂಡಿಗೆ ಮುಂಚೆ ಒಳ್ಳೆಯ ಹೊತ್ತು. ಕೈ ಸೋಪಿನಲ್ಲಿ ತೊಳೆದು ಒರೆಸಿ. ಬೆಲ್ಲ ಮುಟ್ಟಿದ, ಮಾವಿನಹಣ್ಣು ಸುಲಿದ ಬೆರಳಿನಿಂದ ಚುಚ್ಚಿದರೆ ಮೀಟರ್ 300 ತೋರಿಸಿದರೂ ಆಶ್ಚರ್ಯ ಇಲ್ಲ, ಸ್ಯಾನಿಟೈಸರ್ ಹಾಕಿ ಉಜ್ಜಿದರೆ ಆ ಸಕ್ಕರೆ ಹೋಗುವುದಿಲ್ಲ.

ವ್ಯತ್ಯಾಸದ ಬಗ್ಗೆ: 100ಕ್ಕಿಂತ ಕೆಳಗೆ 20 ಅಂಕಿ, ಅದಕ್ಕಿಂತ ಮೇಲೆ ಶೇಕಡಾ 20ರ ಒಳಗೆ ಇದ್ದರೆ ಬಿಟ್ಟುಬಿಡಿ. ಯಾಕೆಂದರೆ ಮೀಟರ್ ಕೂಡ ದೇವರಲ್ಲ. ಐಎಸ್‌ಒ 15197 ಅನ್ನುವ 2013ರ ಮಾನದಂಡದ ಪ್ರಕಾರ 100 ಮತ್ತು ಮೇಲ್ಪಟ್ಟ ಶುಗರ್‌ಗೆ ಮೀಟರ್ ಶೇಕಡಾ 15 ಆಚೀಚೆ ತೋರಿಸಬಹುದು, ಅದೂ ನೂರಕ್ಕೆ 95 ಸಲ. ನಿಜವಾದ ಶುಗರ್ 200 ಇದ್ದರೆ ಮೀಟರ್ 170ರಿಂದ 230ರವರೆಗೆ ಏನು ತೋರಿಸಿದರೂ ಅದು ಪಾಸ್. ಸೆನ್ಸರ್ 185, ಮೀಟರ್ 215 ಬಂದರೆ ಎರಡೂ ಸರಿಯೇ ಇರಬಹುದು.

ಕಂಪನಿಗಳು ಎಂಎಆರ್‌ಡಿ ಅಂತ ಒಂದು ಲೆಕ್ಕ ಕೊಡುತ್ತವೆ. ಲ್ಯಾಬ್ ಫಲಿತಾಂಶಕ್ಕೂ ಸೆನ್ಸರ್‌ಗೂ ಇರುವ ಸರಾಸರಿ ವ್ಯತ್ಯಾಸ ಅದು, ಶೇಕಡಾ ಲೆಕ್ಕದಲ್ಲಿ. ಮೊದಲ ಲಿಬ್ರೆಗೆ 11.4, ಇನ್ನೊಂದು ಕಂಪನಿಯ ಡೆಕ್ಸ್‌ಕಾಮ್ ಜಿ6ಕ್ಕೆ 9, ಲಿಬ್ರೆ 3ಕ್ಕೆ 7.9. ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಇದು ಸರಾಸರಿ, ನೆನಪಿರಲಿ. ಒಂದೊಂದು ಹೊತ್ತಿನಲ್ಲಿ ಅದರ ಎರಡರಷ್ಟೂ ಆಚೆ ಹೋಗುತ್ತದೆ.

ನಿಮ್ಮ ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದರೆ ಮಾತ್ರ ಯಾವ ಲೆಕ್ಕವೂ ಬೇಡ. ಬೆವರು, ನಡುಕ, ಎದೆ ಡವಡವ ಅನ್ನುತ್ತಿದೆ, ಸೆನ್ಸರ್ 130 ಅನ್ನುತ್ತಿದೆ ಅಂದರೆ ತಕ್ಷಣ ಬೆರಳು ಚುಚ್ಚಿ.

ರಾಯಚೂರು ಬಿಸಿಲು

ಎಲ್ಲರೂ ಮಳೆ ಬಗ್ಗೆ ಬರೆಯುತ್ತಿದ್ದೀರಿ, ನಮ್ಮ ಕಡೆ ಬಿಸಿಲಿನ ಕಥೆ ಕೇಳಿ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸೆನ್ಸರ್ ಡಬ್ಬಿ ಮೇಲೆ ಥರ್ಮಾಮೀಟರ್ ಚಿತ್ರ ಇರುತ್ತದೆ, ಪಕ್ಕದಲ್ಲಿ ಎರಡು ನಂಬರ್. ಮಾಡೆಲ್ ನೋಡಿ ಬೇರೆ ಬೇರೆ, ಆದರೆ ಮೇಲಿನ ಮಿತಿ 30 ಡಿಗ್ರಿ ದಾಟಿದ್ದು ನಾನು ನೋಡಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಡಬ್ಬಿ ಕೊರಿಯರ್ ಗೋಡೌನ್‌ನಲ್ಲಿ ಶನಿವಾರ ಭಾನುವಾರ ಪೂರ್ತಿ ತಗಡಿನ ಸೂರಿನ ಕೆಳಗೆ ಕೂತಿತ್ತು, ಕೈಗೆ ಬಂದಾಗ ಬೆಚ್ಚಗಿತ್ತು. ಆ ಸೆನ್ಸರ್ ಮೊದಲ ದಿನದಿಂದ ಕೊನೆವರೆಗೂ ದಾರಿಗೇ ಬರಲಿಲ್ಲ. ಬಿಸಿಲಿಗೇ ಹಾಗಾಯಿತು ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಆಮೇಲಿಂದ ಬೇಸಿಗೆಯಲ್ಲಿ ಮೆಡಿಕಲ್ ಸ್ಟೋರ್‌ಗೆ ಹೇಳಿ ತರಿಸಿ, ಬಂದ ದಿನವೇ ಹೋಗಿ ತರುತ್ತೇನೆ.

ಮನೆಯಲ್ಲಿ ಕೂಲ್ ಜಾಗ ಇಲ್ಲದಿದ್ದರೆ ಫ್ರಿಡ್ಜ್‌ನ ಕೆಳಗಿನ ತಟ್ಟೆ ಪರವಾಗಿಲ್ಲ, ಹಿಂದಿನ ಗೋಡೆಗೆ ತಾಗಿಸಬೇಡಿ, ಅಲ್ಲಿ ಹೆಪ್ಪುಗಟ್ಟುತ್ತದೆ. ಫ್ರೀಜರ್ ಅಂತೂ ಖಂಡಿತ ಬೇಡ. ಮಿತಿಯ ಕೆಳಗಿನ ನಂಬರ್ ಒಮ್ಮೆ ನೋಡಿಕೊಳ್ಳಿ. ಹಾಕುವ ಮುಂಚೆ ಹೊರಗೆ ಇಟ್ಟು ಕೋಣೆ ಬಿಸಿಗೆ ಬರಲು ಬಿಡಿ. ಕಾರಿನಲ್ಲಿ ಬಿಟ್ಟು ಹೋಗುವುದು ಬೇಡವೇ ಬೇಡ. ಕಡಿಮೆ ರೇಟಿಗೆ ಸಿಗುವ ಸೆನ್ಸರ್ ಅಂದರೆ ಎಕ್ಸ್‌ಪೈರಿ ಹತ್ತಿರ ಇರಬಹುದು, ತಾರೀಖು ನೋಡದೆ ದುಡ್ಡು ಕೊಡಬೇಡಿ.

ಬೇಸಿಗೆಯಲ್ಲಿ ನೀರು ಕುಡಿಯದೆ ಒಣಗಿದ ಮೈಯಲ್ಲೂ ನಂಬರ್ ಹಾದಿ ತಪ್ಪುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ಇದನ್ನು ನೆನಪಿಡಿ.

ಹಳೆ ಟೈಪ್ ಒನ್

ರಾಯಚೂರು ಸರ್ ಹೇಳಿದ್ದು ನೂರಕ್ಕೆ ನೂರು. ಸ್ಟ್ರಿಪ್ ಡಬ್ಬಿಗೂ ಅದೇ ಮಾತು. ಮಲೆನಾಡಿನ ಮಳೆಯಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಸ್ಟ್ರಿಪ್ ತೇವ ಎಳೆದು ಹಾಳಾಗುತ್ತದೆ, ಆಮೇಲೆ ಹಾಳಾದ ಸ್ಟ್ರಿಪ್‌ನಿಂದ ಸರಿ ಇರುವ ಸೆನ್ಸರ್‌ಗೆ ಬೈಯುತ್ತೇವೆ.

ಎರಡು ತುಂಡಾಗಿ ಬರುವ ಲಿಬ್ರೆಯಲ್ಲಿ ಇನ್ನೊಂದು ವಿಷಯ. ಸೆನ್ಸರ್ ಇರುವ ಪ್ಯಾಕು, ಚುಚ್ಚುವ ಅಪ್ಲಿಕೇಟರ್, ಎರಡರ ಮೇಲೂ ಒಂದು ಕೋಡ್ ಇರುತ್ತದೆ. ಎರಡೂ ಒಂದೇ ಇರಬೇಕು. ಒಟ್ಟಿಗೆ ಎರಡು ಡಬ್ಬಿ ಒಡೆದು ಮೇಜಿನ ಮೇಲೆ ಇಟ್ಟುಕೊಂಡಾಗ ಅದಲು ಬದಲಾಗುತ್ತದೆ. ಕೋಡ್ ಬೇರೆ ಇದ್ದರೆ ನಂಬರೇ ತಪ್ಪು ಬರುತ್ತದೆ, ಯಾಕೆಂದರೆ ಫ್ಯಾಕ್ಟರಿಯಲ್ಲಿ ಆ ದಾರಕ್ಕೆ ತಕ್ಕಂತೆ ಲೆಕ್ಕ ಹೊಂದಿಸಿ ಕಳಿಸಿರುತ್ತಾರೆ. ಒಂದು ಡಬ್ಬಿ ಮುಗಿಯುವ ತನಕ ಇನ್ನೊಂದನ್ನು ಒಡೆಯಬೇಡಿ.

ಡಲ್ಲಾಸ್ ಕನ್ನಡಿಗ

ಇಲ್ಲಿ ನಾನು ಮೊದಲು ಡೆಕ್ಸ್‌ಕಾಮ್ ಜಿ6, ಈಗ ಜಿ7 ಹಾಕುತ್ತಿದ್ದೇನೆ. ಜಿ6 ಕಾಲದಲ್ಲಿ ರೀಸ್ಟಾರ್ಟ್ ಮಾಡುವುದು ನಮ್ಮಲ್ಲಿ ಬಹಳ ಜನಕ್ಕೆ ರೂಢಿ ಇತ್ತು. ನಂಬರನ್ನು ಫೋನಿಗೆ ಕಳಿಸುವ ಟ್ರಾನ್ಸ್‌ಮಿಟರ್ ಬೇರೆ ತುಂಡು, ಅದನ್ನು ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿದರೆ ಹೊಸ ಸೆನ್ಸರ್ ಅಂದುಕೊಂಡು ಇನ್ನೊಮ್ಮೆ 10 ದಿನ ಓಡುತ್ತಿತ್ತು. ಇನ್ಷೂರೆನ್ಸ್ ಕೈಬಿಟ್ಟವರಿಗೆ ಅದು ಜೀವ ಉಳಿಸಿದ ಉಪಾಯ, ನಾನು ಅವರನ್ನು ತಪ್ಪು ಅನ್ನುವುದಿಲ್ಲ. ಜಿ7ನಲ್ಲಿ ಎಲ್ಲ ಒಂದೇ ತುಂಡು, ಆ ದಾರಿ ಮುಚ್ಚಿತು. ಬದಲಿಗೆ 10 ದಿನ ಮುಗಿದ ಮೇಲೆ 12 ಗಂಟೆ ಹೆಚ್ಚುವರಿ ಕೊಟ್ಟಿದ್ದಾರೆ. ಅದನ್ನು ಸರಿಯಾಗಿ ಬಳಸಿಕೊಳ್ಳಿ: ಹೆಚ್ಚುವರಿ ಗಂಟೆ ಶುರುವಾದಾಗ ಹೊಸದನ್ನು ಇನ್ನೊಂದು ತೋಳಿಗೆ ಹಾಕಿ, ಹಳೆಯದರ ನಂಬರ್ ನೋಡುತ್ತಾ ಇರಿ, ಹಳೆಯದು ಮುಗಿಯುವ ಹೊತ್ತಿಗೆ ಹೊಸದು ಪಳಗಿರುತ್ತದೆ. 15 ದಿನದ ಜಿ7ಗೂ ಅಮೆರಿಕದಲ್ಲಿ 2025ರಲ್ಲಿ ಅನುಮತಿ ಸಿಕ್ಕಿದೆ, ಸದ್ಯ 18 ವರ್ಷ ದಾಟಿದವರಿಗೆ.

ಡೆಕ್ಸ್‌ಕಾಮ್‌ನಲ್ಲಿ ಬೆರಳಿನ ನಂಬರ್ ಹಾಕಿ ತಿದ್ದಬಹುದು. ಬಾಣ ಮಲಗಿರುವಾಗ ಮಾತ್ರ ತಿದ್ದಿ, ಊಟವಾದ ಮೇಲೆ ಬೇಡ, ಮೊದಲ ದಿನ ಬೇಡ, ಒತ್ತಿ ಮಲಗಿ ಎದ್ದ ತಕ್ಷಣವೂ ಬೇಡ. ಏರುತ್ತಿರುವಾಗ ತಿದ್ದಿದರೆ ಅದು ಆಮೇಲೆ ಗಂಟೆಗಟ್ಟಲೆ ತಪ್ಪನ್ನೇ ಹೊತ್ತುಕೊಂಡು ಹೋಗುತ್ತದೆ.

ಹೊಸಬ

ಲಿಬ್ರೆಯಲ್ಲೂ ಹಾಗೆ ಹಳೆಯದು ಇರುವಾಗಲೇ ಹೊಸದು ಹಾಕಬಹುದಾ?

ಮಂಡ್ಯದವಳು

ಹಾಕಬಹುದು, ನಾವು ಹಾಗೇ ಮಾಡುವುದು. ಕಂಪನಿ ಕೈಪಿಡಿಯಲ್ಲಿ ಇದನ್ನು ಹೇಳಿಲ್ಲ, ಬಳಸುವವರು ಕಂಡುಕೊಂಡಿದ್ದು. ಹಳೆಯದು ಬೆಳಗ್ಗೆ ಮುಗಿಯುತ್ತೆ ಅಂದರೆ ಹಿಂದಿನ ಸಂಜೆಯೇ ಇನ್ನೊಂದು ತೋಳಿಗೆ ಹೊಸದು ಹಾಕಿಬಿಡುತ್ತೇವೆ. ಸ್ಟಾರ್ಟ್ ಮಾಡುವುದಿಲ್ಲ. ಸ್ಟಾರ್ಟ್ ಮಾಡುವ ತನಕ ಲಿಬ್ರೆಯ ದಿನದ ಲೆಕ್ಕ ಶುರುವಾಗುವುದಿಲ್ಲ, ಹಾಗಾಗಿ ನಷ್ಟ ಇಲ್ಲ. ರಾತ್ರಿಯೆಲ್ಲ ಆ ಊತ ಇಳಿದಿರುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ದಿನದ ಕುಣಿದಾಟ ಎಷ್ಟೋ ಕಡಿಮೆ. ಒಂದೇ ಎಚ್ಚರಿಕೆ, ರಾತ್ರಿ ಫೋನ್ ತಪ್ಪಿಯೂ ಹೊಸದರ ಕಡೆ ಹೋಗಬಾರದು. ಹೊಸದನ್ನು ಸ್ಟಾರ್ಟ್ ಮಾಡಿದರೆ ಆ ಫೋನಿನಲ್ಲಿ ಹಳೆಯದು ಮುಗಿದ ಹಾಗೆ. ಜಿ7ನಲ್ಲಿ ಮಾತ್ರ ಹಾಕಿದ ಕ್ಷಣದಿಂದಲೇ ಲೆಕ್ಕ ಶುರು, ಅದಕ್ಕೇ ಡಲ್ಲಾಸ್ ಸರ್ ಹೇಳಿದ ದಾರಿ ಅದಕ್ಕೆ ಸರಿ.

ಉಡುಪಿ ಮಾಣಿ

ಸ್ವಲ್ಪ ವಿರೋಧ ಹೇಳುತ್ತೇನೆ, ಬೇಸರ ಬೇಡ. ನನಗೆ ಟೈಪ್ 2, ಇನ್ಸುಲಿನ್ ಇಲ್ಲ, ಮಾತ್ರೆ ಮಾತ್ರ. ಲೋ ಆಗುವ ಭಯ ಕಡಿಮೆ. ನನ್ನಂಥವನು ಅವಧಿ ಮೀರಿ ಓಡಿಸಿದರೆ ಏನು ತೊಂದರೆ? ನಂಬರ್ ಸ್ವಲ್ಪ ಆಚೀಚೆ ಆದರೂ ಯಾವ ತಿಂಡಿಗೆ ಏರುತ್ತೆ ಅಂತ ಗೊತ್ತಾದರೆ ಸಾಕಲ್ವಾ?

ಹಳೆ ಟೈಪ್ ಒನ್

ನ್ಯಾಯವಾದ ಪ್ರಶ್ನೆ. ಇನ್ಸುಲಿನ್ ಹಾಕುವವರಿಗಿಂತ ನಿಮ್ಮ ಅಪಾಯ ಕಡಿಮೆ, ಒಪ್ಪುತ್ತೇನೆ. ಆದರೆ ಸವೆದ ಸೆನ್ಸರ್ ಯಾವ ಕಡೆಗಾದರೂ ಜಾರಬಹುದು, ಕೆಳಗೆ ಜಾರಿತು ಅಂದುಕೊಳ್ಳಿ. ನೀವು ಗೋಳಿಬಜೆ ತಿಂದರೆ 150 ದಾಟಲೇ ಇಲ್ಲ ಅಂತ ಖುಷಿಪಡುತ್ತೀರಿ, ನಿಜದಲ್ಲಿ 200 ಆಗಿರುತ್ತದೆ. ತಪ್ಪು ಪಾಠ ಕಲಿತರೆ ಅದನ್ನು ತಿಂಗಳುಗಟ್ಟಲೆ ತಿನ್ನುತ್ತೀರಿ. ಚರ್ಮದ ಒಳಗೆ ಅಷ್ಟು ದಿನ ಒಂದೇ ತೂತು ತೆರೆದಿಡುವುದೂ ಒಳ್ಳೆಯದಲ್ಲ, ನಮಗೆ ಸೋಂಕು ಮೊದಲೇ ಬೇಗ ಹತ್ತುತ್ತದೆ.

ನಿಮ್ಮಂಥವರಿಗೆ ದುಡ್ಡು ಉಳಿಸುವ ದಾರಿ ಬೇರೆ ಇದೆ. ವರ್ಷಪೂರ್ತಿ ಹಾಕಲೇಬೇಕಾಗಿಲ್ಲ. ಡಾಕ್ಟರ ಹತ್ತಿರ ಹೋಗುವ ಎರಡು ವಾರ ಮುಂಚೆ ಒಂದು ಹಾಕಿ. ವರದಿ ನಂಬುವ ಹಾಗಿರಬೇಕಾದರೆ 14 ದಿನದಲ್ಲಿ ಕನಿಷ್ಠ ಶೇಕಡಾ 70 ಹೊತ್ತಿನ ಮಾಹಿತಿ ಇರಬೇಕು ಅಂತ 2019ರ ಅಂತರರಾಷ್ಟ್ರೀಯ ಒಮ್ಮತದಲ್ಲಿ ಹೇಳಿದ್ದಾರೆ. ಬಹಳ ಜನರಿಗೆ ಗುರಿ ಅಂದರೆ 70ರಿಂದ 180ರ ನಡುವೆ ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು, 70ಕ್ಕಿಂತ ಕೆಳಗೆ ಶೇಕಡಾ 4ಕ್ಕಿಂತ ಕಡಿಮೆ. ಹಳೆ ಲಿಬ್ರೆಯಲ್ಲಿ 8 ಗಂಟೆಯ ಮಾಹಿತಿ ಮಾತ್ರ ಸೆನ್ಸರ್‌ನಲ್ಲಿ ಉಳಿಯುತ್ತದೆ. 8 ಗಂಟೆಯೊಳಗೆ ಒಮ್ಮೆ ಸ್ಕ್ಯಾನ್ ಮಾಡದಿದ್ದರೆ ಹಿಂದಿನದು ಅಳಿಸಿಹೋಗುತ್ತದೆ. ಮಲಗುವ ಮುಂಚೆ ಮತ್ತು ಎದ್ದ ಕೂಡಲೇ ಸ್ಕ್ಯಾನ್ ಮಾಡಿದರೆ ರಾತ್ರಿ ಪೂರ್ತಿ ಸಿಗುತ್ತದೆ. ಆ ಎರಡು ವಾರ ದಿನನಿತ್ಯ ತಿನ್ನುವುದನ್ನೇ ತಿನ್ನಿ. ಡಾಕ್ಟರ್ ನೋಡುತ್ತಾರೆ ಅಂತ ಬರೀ ಮೆಂತ್ಯ ಸೊಪ್ಪು ತಿಂದರೆ ಆ ಸೆನ್ಸರ್ ದಂಡ. ಒಂದು ದಿನ ಅನ್ನ, ಒಂದು ದಿನ ಮುದ್ದೆ, ಒಂದು ದಿನ ಅದೇ ಊಟದ ಮೇಲೆ ಕಾಲು ಗಂಟೆ ನಡಿಗೆ. ಬರೆದಿಡಿ.

ಉಡುಪಿ ಮಾಣಿ

ಆಯಿತು ಮಾರಾಯ್ರೆ, ಒಪ್ಪಿದೆ. ತಿಂದದ್ದನ್ನು ಬರೆದಿಡುವ ವಿಷಯ ನನಗೆ ಹೊಳೆದಿರಲಿಲ್ಲ.

ಬಯೋಕೆಮಿಸ್ಟ್ರಿ ಮೇಡಂ

ಮಾತ್ರೆಗಳ ಬಗ್ಗೆ ಯಾರೂ ಹೇಳಲಿಲ್ಲ. ಚೀಪುವ ವಿಟಮಿನ್ ಸಿ ಮಾತ್ರೆ ಸಾಮಾನ್ಯವಾಗಿ 500 ಎಂಜಿ. ನೆಗಡಿ ಬಂದರೆ ದಿನಕ್ಕೆ ಎರಡು ಮೂರು ಬಾಯಿಗೆ ಹಾಕಿಕೊಳ್ಳುತ್ತೇವೆ. ಲಿಬ್ರೆ 2ರಲ್ಲಿ ದಿನಕ್ಕೆ 500 ಎಂಜಿ ಮೀರಿದರೆ ಶುಗರ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು, ಪ್ಲಸ್ ಅನ್ನುವ ಹೊಸ ಮಾಡೆಲ್‌ಗಳಲ್ಲಿ ಆ ಮಿತಿ 1,000. ಅದನ್ನು ನಂಬಿ ಇನ್ಸುಲಿನ್ ಹಾಕಿದರೆ ಲೋ ಆಗುತ್ತದೆ. ನೆಲ್ಲಿಕಾಯಿ, ನಿಂಬೆಹಣ್ಣು ಊಟದಲ್ಲಿ ತಿನ್ನುವುದಕ್ಕೆ ಭಯ ಬೇಡ. ಮೆಡ್‌ಟ್ರಾನಿಕ್ ಗಾರ್ಡಿಯನ್ ಅನ್ನುವ ಸೆನ್ಸರ್ ಹಾಕುವವರಿಗೆ ಪ್ಯಾರಾಸಿಟಮಾಲ್, ಅಂದರೆ ನಮ್ಮ ಡೋಲೋ ಕ್ರೋಸಿನ್, ಅದೇ ರೀತಿ ಸುಳ್ಳು ಹೆಚ್ಚು ತೋರಿಸುತ್ತದೆ. ಡೆಕ್ಸ್‌ಕಾಮ್ ಜಿ6, ಜಿ7ನಲ್ಲಿ ದೊಡ್ಡವರಿಗೆ 6 ಗಂಟೆಗೆ 1 ಗ್ರಾಂವರೆಗೆ ತೊಂದರೆ ಇಲ್ಲ, ಆದರೆ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರು ಆ ಸೆನ್ಸರ್ ಹಾಕಬಾರದು. ಕುಡಗೋಲು ರಕ್ತಕಣದ ಕಾಯಿಲೆಗೆ ಈ ಮಾತ್ರೆ ಕೊಡುತ್ತಾರೆ. ಚಾಮರಾಜನಗರ, ಕೊಡಗು ಕಡೆಯ ಬುಡಕಟ್ಟು ಜನರಲ್ಲಿ ಈ ಕಾಯಿಲೆ ಇದೆ, ಅದಕ್ಕೇ ಹೇಳಿದೆ. ಈ ಕಾಯಿಲೆ ಇದ್ದರೆ ಎಚ್‌ಬಿಎ1ಸಿ ಅನ್ನುವ ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಕೂಡ ನಂಬುವ ಹಾಗಿಲ್ಲ.

ಲಂಡನ್‌ನಿಂದ

ನಮಗೆ ಇಲ್ಲಿ ಟೈಪ್ 1ಗೆ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಿಂದಲೇ ಸೆನ್ಸರ್ ಸಿಗುತ್ತದೆ, 2022ರ ಮಾರ್ಗಸೂಚಿ ಆದಮೇಲೆ ಟೈಪ್ 1 ಇರುವ ದೊಡ್ಡವರೆಲ್ಲರಿಗೂ ಕೊಡಬೇಕು ಅಂತಿದೆ. ಊರಲ್ಲಿ ಇಷ್ಟು ದುಡ್ಡು ಕೊಟ್ಟು ಹಾಕಿಸುವ ಅಪ್ಪ ಅಮ್ಮಂದಿರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಹೇಳಬೇಕಾಗಿದ್ದು ಬದಲಿ ಸೆನ್ಸರ್ ಬಗ್ಗೆ. ನಡುವೆ ಕೆಟ್ಟರೆ ಸುಮ್ನೆ ಬಿಸಾಕಬೇಡಿ. ಆ್ಯಪ್‌ನಲ್ಲಿ ಬಂದ ತಪ್ಪಿನ ಸಂದೇಶದ ಸ್ಕ್ರೀನ್‌ಶಾಟ್, ಸೀರಿಯಲ್ ನಂಬರ್, ಹಾಕಿದ ತಾರೀಖು, ಮೀಟರ್ ಮತ್ತು ಸೆನ್ಸರ್ ಎರಡೂ ಅಕ್ಕಪಕ್ಕ ಇಟ್ಟ ಫೋಟೋ, ಬಿಲ್. ಇಷ್ಟು ಇಟ್ಟುಕೊಂಡು ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಕೆಲವು ಸಲ ಆ ಕೆಟ್ಟ ಸೆನ್ಸರ್ ವಾಪಸ್ ಕೇಳುತ್ತಾರೆ, ಹಾಗಾಗಿ ಒಂದು ಕವರ್‌ನಲ್ಲಿ ಹಾಕಿಡಿ. ಕಂಪನಿಗಳ ಪ್ರಕಟಣೆ ಮೇಲೂ ಕಣ್ಣಿಡಿ: 2025ರ ನವೆಂಬರ್‌ನಲ್ಲಿ ಕೆಲವು ಲಿಬ್ರೆ 3 ಮತ್ತು 3 ಪ್ಲಸ್ ಸೆನ್ಸರ್‌ಗಳು ಸುಳ್ಳು ಕಡಿಮೆ ತೋರಿಸಬಹುದು ಅಂತ ಲಿಬ್ರೆ ಮಾಡುವ ಅಬಾಟ್ ಕಂಪನಿ ತಾನೇ ಹೇಳಿತು, ಸೀರಿಯಲ್ ನಂಬರ್ ಹಾಕಿ ನೋಡಲು ವ್ಯವಸ್ಥೆ ಮಾಡಿತು.

ಚರ್ಮ ಕೆಂಪಾಗಿ ತುರಿಕೆ ಬರುವವರು ಅಂಟಿನ ಅಲರ್ಜಿ ಬಗ್ಗೆ ಚರ್ಮದ ಡಾಕ್ಟರನ್ನು ಕೇಳಿ. ಮೊದಲ ಲಿಬ್ರೆಯಲ್ಲಿ ಐಸೊಬಾರ್ನೈಲ್ ಅಕ್ರಿಲೇಟ್ ಅನ್ನುವ ವಸ್ತುವಿನಿಂದ ಹಾಗಾಗುತ್ತಿತ್ತು ಅಂತ 2017ರಲ್ಲಿ ಚರ್ಮ ತಜ್ಞರು ಕಂಡುಹಿಡಿದರು. ಎಲ್ಲರಿಗೂ ಅದೇ ಕಾರಣ ಅಂತಲ್ಲ. ತೆಗೆಯುವಾಗ ಎಳೆಯಬೇಡಿ, ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಮುಂದಿನದು ಅದೇ ಜಾಗಕ್ಕೆ ಬೇಡ.

ತೀರ್ಥಹಳ್ಳಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಸಂಜೆಗೆ ಇಷ್ಟು ವಿಷಯ ಸಿಗುತ್ತೆ ಅಂದುಕೊಂಡಿರಲಿಲ್ಲ. ಇನ್ನೆರಡು ಕೇಳುತ್ತೇನೆ. ಲೋ ಆದಾಗ ಸಕ್ಕರೆ ಕೊಟ್ಟು ಕಾಲು ಗಂಟೆ ಆದರೂ ಸೆನ್ಸರ್ ಇನ್ನೂ ಕೆಳಗೇ ತೋರಿಸುತ್ತದೆ, ಭಯಕ್ಕೆ ಇನ್ನಷ್ಟು ಕೊಡುತ್ತೇವೆ, ಆಮೇಲೆ 280. ಮತ್ತೆ ನಮ್ಮ ಸೆನ್ಸರ್ ಯಾವಾಗಲೂ ನಡುರಾತ್ರಿಯೇ ಮುಗಿಯುತ್ತದೆ, ಯಾಕೆ?

ಹಳೆ ಟೈಪ್ ಒನ್

ಮೊದಲನೆಯದಕ್ಕೆ ಉತ್ತರ ಮೇಡಂ ಹೇಳಿದ ಆ ಹಿಂದೆ ಬೀಳುವ ನಿಮಿಷಗಳು. ಸಾಮಾನ್ಯವಾಗಿ 15 ಗ್ರಾಂ ಸಕ್ಕರೆ ಅಂತ ಹೇಳುತ್ತಾರೆ, ಅಂದರೆ ಮೂರು ಟೀ ಚಮಚ, ಮಗುವಿಗೆ ತೂಕ ನೋಡಿ ಡಾಕ್ಟರ್ ಹೇಳಿದಷ್ಟು ಕೊಡಿ. 15 ನಿಮಿಷ ಕಾದು ಆಗ ಬೆರಳು ಚುಚ್ಚಿ. ಆ ಹೊತ್ತಿನಲ್ಲಿ ಸೆನ್ಸರ್ ನೋಡಲೇಬೇಡಿ. ಬೆರಳು 70 ದಾಟಿದ್ದರೆ ಸೆನ್ಸರ್ 60 ಅಂದರೂ ಇನ್ನೊಂದು ಸುತ್ತು ಸಕ್ಕರೆ ಬೇಡ, ಅದು ಸ್ವಲ್ಪ ಹೊತ್ತಿಗೆ ತಾನೇ ಮೇಲೆ ಬರುತ್ತದೆ. ಬೆರಳೂ ಇನ್ನೂ ಕೆಳಗೇ ಇದ್ದರೆ ಮತ್ತೆ ಅಷ್ಟೇ ಕೊಡಿ.

ಎರಡನೆಯದು, ಯಾವ ಗಂಟೆಗೆ ಸ್ಟಾರ್ಟ್ ಮಾಡುತ್ತೀರೋ ಅದೇ ಗಂಟೆಗೆ ಮುಗಿಯುತ್ತದೆ. ಒಮ್ಮೆ ರಾತ್ರಿ ಲೇಟಾಗಿ ಸ್ಟಾರ್ಟ್ ಮಾಡಿದರೆ ಮುಂದಿನವೆಲ್ಲ ಅದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಈ ಸಲದ್ದು ಮುಗಿದ ಮೇಲೆ ರಾತ್ರಿ ಬೆರಳಲ್ಲೇ ನೋಡಿಕೊಳ್ಳಿ. ಹೊಸದನ್ನು ಸಂಜೆಯೇ ತೋಳಿಗೆ ಹಾಕಿಟ್ಟು ಭಾನುವಾರ ಬೆಳಗ್ಗೆ ನೀವೆಲ್ಲ ಮನೆಯಲ್ಲಿರುವಾಗ ಸ್ಟಾರ್ಟ್ ಮಾಡಿ. ಆಗ ಅದು ಮುಗಿಯುವುದೂ ಭಾನುವಾರ ಬೆಳಗ್ಗೆಯೇ, ಬದಲಾಯಿಸಲು ಪುರಸೊತ್ತು ಇರುತ್ತದೆ, ಶಾಲೆಯಲ್ಲಿ ಮೊದಲ ದಿನದ ತಪ್ಪು ಅಲಾರಂ ಕೂಡ ಇರುವುದಿಲ್ಲ.